ಹಸೆಗೋಡೆ ಸಿಮೆಂಟಾದಾಗ: ಮಲೆನಾಡಿನ ಒಂದು ಮದುವೆಮನೆಯ ಪ್ರಕರಣ

ಮಣ್ಣಿನ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿ ಮೂರು ವರ್ಷ. ಮಾರ್ಚಿನಲ್ಲಿ ಮಗಳ ಮದುವೆ. ಹಸೆ, ಎಂದರೆ ಮದುವೆಗೆಂದು ಗೋಡೆಯ ಮೇಲೆ ಬರೆಸುವ ಚಿತ್ತಾರ, ಬರೆಸದೆ ಮದುವೆ ಹೇಗೆ ಎನ್ನುವುದು ಮನೆಯ ಅಜ್ಜಿಯ ಪ್ರಶ್ನೆ. ಬರೆಸುವುದು ಎಲ್ಲಿ ಎನ್ನುವುದು ಅಪ್ಪನ ಪ್ರಶ್ನೆ. ನಡುಮನೆಯ ಗೋಡೆಗೆ ಕೆನೆಬಣ್ಣದ ಎಮಲ್ಷನ್ ಬಳಿದಿದೆ. ಚಿತ್ತಾರಗಿತ್ತಿ ಬಂದು ಅದರ ಮೇಲೆ ಅಂಗೈ ಆಡಿಸಿ, ಇದು ಹಿಡಿಯುವುದಿಲ್ಲ ಎನ್ನುತ್ತಾಳೆ.

ಇದು ಯಾವುದೋ ಒಂದು ವಿಳಾಸದ ಮನೆಯಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳ ದೀವರ ಸಮುದಾಯದ ಕೇರಿಗಳಲ್ಲಿ, ಪಕ್ಕದ ಸಿದ್ದಾಪುರದ ಕಡೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪರಿಸ್ಥಿತಿಯನ್ನು ಇಲ್ಲಿ ಒಂದೇ ಗೋಡೆಯ ಮೇಲೆ ತಂದು ನೋಡಲಾಗಿದೆ. ಆ ಗೋಡೆಯಲ್ಲಿ ಹಸೆಗೆ ಬೇಕಾದ ಜಾಗ 4 ಅಡಿ ಅಗಲ, 5 ಅಡಿ ಎತ್ತರ ಎಂದಿಟ್ಟುಕೊಳ್ಳೋಣ. ಮುಂದೆ ಬರುವ ಲೆಕ್ಕವೆಲ್ಲ ಆ 20 ಚದರಡಿಗೆ.

ಬದಲಾದದ್ದು ಬಣ್ಣವಲ್ಲ, ಗೋಡೆ

ಹಸೆಗೋಡೆ ಚಿತ್ತಾರದಲ್ಲಿ ನಾಲ್ಕೇ ಬಣ್ಣ. ನೆಲಬಣ್ಣಕ್ಕೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಕಲು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಮರದ ಕಾಯಿ. ಬರೆಯುವುದಕ್ಕೆ ಪುಂಡಿ ನಾರು. ಬಿಳಿಯೂ ಅಕ್ಕಿ, ಕಪ್ಪೂ ಅಕ್ಕಿ ಎನ್ನುವುದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ದೀವರು ಭತ್ತದ ಗದ್ದೆಯ ಜನ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬ ತಕರಾರಿನಿಂದಲೇ 1951ರಲ್ಲಿ ಸಾಗರದ ಹತ್ತಿರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು. ಅದರಲ್ಲಿ ನಿಂತ ಗೇಣಿದಾರರಲ್ಲಿ ಹೆಚ್ಚಿನವರು ಇವರೇ.

ಈ ಸಾಮಾನುಗಳು ಈಗಲೂ ಸಿಗುತ್ತವೆ. ಹಾಗಿದ್ದರೂ ಚಿತ್ತಾರ ಗೋಡೆಯ ಮೇಲೆ ನಿಲ್ಲುತ್ತಿಲ್ಲ. ಹಸಿ ಅಕ್ಕಿಹಿಟ್ಟಿಗೆ ಸ್ವಂತ ಅಂಟು ಬಹಳ ಕಡಿಮೆ. ಅದು ಗೋಡೆಯಲ್ಲಿ ಕೂರುವುದು ಗೋಡೆ ಅದನ್ನು ಹೀರಿಕೊಳ್ಳುವುದರಿಂದ. ಕೆಮ್ಮಣ್ಣು ಸಾರಿಸಿದ ಮಣ್ಣಿನ ಗೋಡೆಯ ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಹಿಟ್ಟಿನ ನೀರು ಒಳಕ್ಕಿಳಿಯುವಾಗ ನುಣ್ಣನೆ ಕಣಗಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ನೀರು ಆರಿದ ಮೇಲೆ ಅವು ಮಣ್ಣಿನ ಸಂದಿಯಲ್ಲೇ ಸಿಕ್ಕಿಕೊಂಡು ಉಳಿಯುತ್ತವೆ. ಎಮಲ್ಷನ್ ಬಳಿದ ಗೋಡೆ ಏನನ್ನೂ ಹೀರುವುದಿಲ್ಲ. ಗೆರೆ ಮೇಲೆಯೇ ಕೂತು ಒಣಗುತ್ತದೆ, ಎರಡನೆಯ ದಿನಕ್ಕೆ ಹಕ್ಕಳೆ ಏಳುತ್ತದೆ, ಸೆರಗು ತಾಗಿದರೆ ಸಾಕು, ಪುಡಿಯಾಗಿ ಉದುರುತ್ತದೆ.

ಜನ ಸಾಮಾನ್ಯವಾಗಿ ಬಣ್ಣ ಬದಲಾಯಿಸಿ ನೋಡುತ್ತಾರೆ. ಬದಲಾಗಿರುವುದು ಗೋಡೆ. ಈ ಪ್ರಕರಣದ ತಿರುಳು ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ಹಳೆಯ ಗೋಡೆಗಳು ಹೋದದ್ದಕ್ಕೆ ಕಾರಣ ಒಂದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದಾಗ ಮನೆಗಳೂ ಹೋದವು. ಉಳಿದ ಕಡೆ ವರ್ಷವರ್ಷ ಸಾರಿಸುವುದಕ್ಕೆ ಮನೆಯಲ್ಲಿ ಕೈಗಳಿಲ್ಲದಾದವು, ಗೆದ್ದಲಿನ ಕಾಟ, ಮಳೆಗಾಲದ ಥಂಡಿ. ಅವರು ಪಕ್ಕಾ ಮನೆ ಕಟ್ಟಿಕೊಂಡದ್ದನ್ನು ತಪ್ಪು ಎನ್ನುವ ಹಕ್ಕು ಹೊರಗಿನಿಂದ ಬಂದು ಫೋಟೊ ತೆಗೆಯುವವರಿಗಿಲ್ಲ.

ಮೊದಲು ಮಾಡಿದ ನಾಲ್ಕು ಕೆಲಸ, ಅವು ಕೆಟ್ಟ ಬಗೆ

ಎಮಲ್ಷನ್ ಮೇಲೆ ನೇರವಾಗಿ ಅಕ್ಕಿಹಿಟ್ಟು: ಕಾರಣ ಮೇಲೆಯೇ ಹೇಳಿದೆ. ಅದು ಉದುರಿದಾಗ ಸಾಮಾನ್ಯವಾಗಿ ಹೊಳೆಯುವ ಉಪಾಯ, ಹಿಟ್ಟಿಗೆ ಫೆವಿಕಾಲ್ ಬೆರೆಸುವುದು. ಬೆರೆಸಿದರೆ ಎಮಲ್ಷನ್ ಮೇಲೆ ಗೆರೆ ನಿಲ್ಲುತ್ತದೆ, ನಿಜ. ಆದರೆ ಅಂಟು ಸೇರಿದ ಹಿಟ್ಟು ನಾರಿನ ತುದಿಯಲ್ಲಿ ಎಳೆಎಳೆಯಾಗಿ ಜೋತುಬೀಳುತ್ತದೆ, ಗೆರೆಯ ಅಂಚು ದಪ್ಪವಾಗುತ್ತದೆ. ಇದೇ ಮಿಶ್ರಣವನ್ನು ಮಣ್ಣಿನ ಗೋಡೆಗೆ ಹಾಕಿದರೆ ಇನ್ನೂ ಕೆಡುಕು. ಒಣಗುವಾಗ ಅದು ಬಿಗಿಯಾಗಿ ಕುಗ್ಗಿ ಕೆಳಗಿನ ಕೆಮ್ಮಣ್ಣಿನ ಪದರವನ್ನೇ ಕಿತ್ತುಕೊಂಡು ಸುರುಳಿ ಸುತ್ತುತ್ತದೆ. ಮೇಲಿನ ಪದರ ಕೆಳಗಿನದಕ್ಕಿಂತ ಗಟ್ಟಿಯಾಗಿರಬಾರದು ಎಂಬುದು ಗಾರೆಯವರಿಗೆಲ್ಲ ಗೊತ್ತಿರುವ ನಿಯಮ, ಚಿತ್ತಾರಕ್ಕೂ ಅದೇ.

ಪೇಂಟರಿಗೆ ಹೇಳಿ ರೆಡ್ ಆಕ್ಸೈಡ್ ಮೇಲೆ ಬಿಳಿ ಎನಾಮೆಲ್‌ನಲ್ಲಿ ಬರೆಸುವುದು: ಇದು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಅದರ ತೊಂದರೆ. ಮುಂದಿನ ಮದುವೆಗೆ ಹೊಸ ಹಸೆ ಬರೆಯಲು ಜಾಗವಿಲ್ಲ, ಹಳೆಯದನ್ನು ತೆಗೆಯಲು ಬ್ಲೋ ಟಾರ್ಚ್ ಬೇಕು. ಹೊಳಪು ಬೇರೆ, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದು ಗೆರೆಗಳೇ ಕಾಣುವುದಿಲ್ಲ. ಹಳೆಯ ಮನೆಯ ನಡುಮನೆಗೆ ಬೆಳಕು ಬರುತ್ತಿದ್ದದ್ದು ಬಾಗಿಲಿನಿಂದ, ಒಂದೋ ಎರಡೋ ಸಣ್ಣ ಕಿಟಕಿಯಿಂದ. ಆ ಮಬ್ಬಿನಲ್ಲಿ ಹೊಳಪಿಲ್ಲದ ಕೆಂಪಿನ ಮೇಲೆ ಬಿಳಿ ಗೆರೆ ತಾನಾಗಿ ಎದ್ದು ಕಾಣುತ್ತಿತ್ತು.

ಎಮಲ್ಷನ್ ಕೆರೆದು ಬರಿಯ ಸಿಮೆಂಟ್ ಗಾರೆಯ ಮೇಲೆ ಬರೆಯುವುದು: ತರ್ಕ ಸರಿ, ಗಾರೆ ಸ್ವಲ್ಪ ಹೀರುತ್ತದೆ. ಆದರೆ ಸಿಮೆಂಟಿಗೆ ಸುಣ್ಣದ ಗುಣ. ಗುರಿಗೆ ಕಾಯಿ ಸಿಗದೆ ಅರಿಶಿನ ಬಳಸಿದ ಮನೆಯಲ್ಲಿ ಹಳದಿ ಗೆರೆಗಳೆಲ್ಲ ಸಂಜೆಯೊಳಗೆ ಕೆಂಪುಗಂದು ಬಣ್ಣಕ್ಕೆ ತಿರುಗುತ್ತವೆ. ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಕದಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ, ಕಟ್ಟಿ ಒಂದು ಬೇಸಿಗೆಯೂ ಕಳೆಯದ ಗಾರೆಯಾಗಿದ್ದರೆ ಒಳಗಿನ ತೇವ ಹೊರಬರುವಾಗ ಉಪ್ಪನ್ನೂ ತರುತ್ತದೆ, ಕೆಂಪು ನೆಲದ ಮೇಲೆ ಬೂದಿಬೂದಿ ಹೂ ಮೂಡುತ್ತದೆ.

ಫ್ಲೆಕ್ಸ್: ಹೇಳಲು ಹೆಚ್ಚೇನಿಲ್ಲ. ಕಂಪ್ಯೂಟರಿನಲ್ಲಿ ಎಳೆದು ಅಗಲ ಮಾಡಿದ ಚಿತ್ತಾರದಲ್ಲಿ ಚೌಕವೆಲ್ಲ ಆಯತವಾಗಿರುತ್ತದೆ.

ಮಣ್ಣಿನ ಮೈ ಹೊಂದಿಸುವುದು

ಉಪಾಯ ಸರಳ: ಸಿಮೆಂಟ್ ಗೋಡೆಯ ಮೇಲೆ ಹಸೆಗೆ ಬೇಕಾದಷ್ಟೇ ಜಾಗಕ್ಕೆ ಸುಮಾರು 12 ಮಿ.ಮೀ. ದಪ್ಪದ ಮಣ್ಣಿನ ಗಾರೆ ಕೊಡುವುದು. ಮದುವೆಗೆ ಕನಿಷ್ಠ ನಾಲ್ಕು ವಾರ ಇರುವಾಗ ಶುರುಮಾಡಬೇಕು. ಸಾಮಾನ್ಯವಾಗಿ ಹತ್ತು ದಿನ ಇರುವಾಗ ನೆನಪಾಗುತ್ತದೆ, ಮಣ್ಣು ಹಸಿಯಿರುವಾಗಲೇ ಬರೆದು ಕೆಡಿಸಿಕೊಳ್ಳುತ್ತಾರೆ.

ಗೋಡೆ ಯಾವುದು ಎಂಬುದು ಮೊದಲು. ಬಚ್ಚಲಿನ ಬೆನ್ನಿಗಿರುವ ಗೋಡೆ ಬೇಡ. ನೈಋತ್ಯದ ಮಳೆ ಹೊರಗಿನಿಂದ ಬಡಿಯುವ ಗೋಡೆಯೂ ಬೇಡ. ಮಲೆನಾಡಿನ ಜಡಿಮಳೆಗೆ ಸಿಮೆಂಟ್ ಗೋಡೆಯೂ ಒಳಗೆ ಬೆವರುತ್ತದೆ. ಮನೆಯ ಒಳಗಿನ ಅಡ್ಡಗೋಡೆ ಸಿಕ್ಕರೆ ಒಳ್ಳೆಯದು. ವಧೂವರರು ಹಸೆಮಣೆಯ ಮೇಲೆ ಕೂತಾಗ ಬೆನ್ನಿಗೆ ಬರುವಂತೆ, ನೆಲದಿಂದ ಒಂದೂವರೆ ಅಡಿ ಮೇಲಿನಿಂದ ಶುರುಮಾಡಿದರೆ ನೆಲ ಒರೆಸುವ ನೀರು ಮುಟ್ಟುವುದಿಲ್ಲ.

ಅಷ್ಟು ಜಾಗದ ಬಣ್ಣವನ್ನೂ ಪುಟ್ಟಿಯನ್ನೂ ಪೂರ್ತಿ ಕೆರೆದು ತೆಗೆಯಬೇಕು. ಅರ್ಧ ಉಳಿಸಿದ ಪುಟ್ಟಿಯೇ ಮುಂದೆ ಮಣ್ಣನ್ನು ಹೊತ್ತು ಕೆಳಗೆ ಬೀಳುವುದು. ಆಮೇಲೆ ಉಳಿಯಿಂದ ಗಾರೆಗೆ ಚದರಡಿಗೆ 20–25ರಂತೆ ಕಚ್ಚು ಹಾಕಬೇಕು. ಕಚ್ಚೊಂದೇ ಸಾಲದು ಎನಿಸಿದರೆ ನೈಲಾನ್ ಬಲೆಯನ್ನು 8–9 ಅಂಗುಲಕ್ಕೊಂದು ಸ್ಕ್ರೂ, ವಾಷರ್ ಇಟ್ಟು ಬಿಗಿಯಾಗಿ ಎಳೆದು ಕೂರಿಸುವುದು. ಕೋಳಿಬಲೆ ಅಗ್ಗ, ಆದರೆ ಮಣ್ಣಿನ ತೇವಕ್ಕೆ ತುಕ್ಕು ಹಿಡಿದು ಎರಡನೆಯ ಮಳೆಗಾಲಕ್ಕೆ ಕಲೆ ಮೇಲೆ ಬರುತ್ತದೆ. ನಾಲ್ಕೂ ಅಂಚಿಗೆ ಅರ್ಧ ಅಂಗುಲ ದಪ್ಪದ ಮರದ ಪಟ್ಟಿ ಹೊಡೆದರೆ ಮಣ್ಣಿನ ಅಂಚು ಮುರಿಯುವುದಿಲ್ಲ, ದಪ್ಪವೂ ಒಂದೇ ಸಮ ಬರುತ್ತದೆ.

20 ಚದರಡಿಗೆ ಎರಡು ಬಾಂಡ್ಲಿ ಜರಡಿ ಹಿಡಿದ ಕೆಂಪುಮಣ್ಣು, ಮುಕ್ಕಾಲು ಬಾಂಡ್ಲಿ ಮರಳು, ಅರ್ಧ ಬಾಂಡ್ಲಿ ಒಂದಂಗುಲಕ್ಕೆ ಕತ್ತರಿಸಿದ ಭತ್ತದ ಹುಲ್ಲು, ನಾಲ್ಕೈದು ಕಿಲೋ ಹಸಿ ಸಗಣಿ. ಮರಳಿನ ಲೆಕ್ಕ ಮಾತ್ರ ಮಣ್ಣು ನೋಡಿ ಬದಲಾಗುತ್ತದೆ. ಗದ್ದೆಯ ಮಣ್ಣು ಜಿಗುಟು, ಗುಡ್ಡದ ಜಂಬಿಟ್ಟಿಗೆ ಮಣ್ಣಿನಲ್ಲಿ ಮೊದಲೇ ಹರಳಿರುತ್ತದೆ. ಊಹೆಯ ಮೇಲೆ ಹೋಗಬೇಡಿ: ಮರಳು ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಬಗೆ ಕಲಸಿ ಮನೆಯ ಹಿಂದಿನ ಗೋಡೆಗೆ ಒಂದೊಂದು ಅಡಿಯ ತುಂಡು ಮೆತ್ತಿ ನಾಲ್ಕು ದಿನ ಬಿಡಿ. ಬಿರುಕು ಬಿಟ್ಟದ್ದರಲ್ಲಿ ಜಿಗುಟು ಹೆಚ್ಚು. ಉಗುರಿನಿಂದ ಕೆರೆದರೆ ಸುರಿಯುವುದರಲ್ಲಿ ಮರಳು ಹೆಚ್ಚು. ನಡುವಿನದ್ದು ಸರಿ.

ಕಲಸಿದ ಮಣ್ಣನ್ನು ಒದ್ದೆ ಗೋಣಿಚೀಲ ಮುಚ್ಚಿ ಮೂರು ನಾಲ್ಕು ದಿನ ಕೊಳೆಯಲು ಬಿಡಬೇಕು. ದಿನಕ್ಕೊಮ್ಮೆ ಕಾಲಿನಿಂದ ತುಳಿಯುವುದು. ಹುಲ್ಲು ಮೆತ್ತಗಾಗಿ ಮಣ್ಣಿನ ಜೊತೆ ಒಂದಾದರೆ ಬಿರುಕಿನ ಭಯ ಅರ್ಧಕ್ಕಿಂತ ಹೆಚ್ಚು ಕಡಿಮೆ. ಈ ಕೊಳೆಸುವ ಕೆಲಸವನ್ನು ಬಿಟ್ಟುಬಿಡುವವರೇ ಬಹಳ, ಏಕೆಂದರೆ ವಾಸನೆ ಬರುತ್ತದೆ ಎಂದು ಹೊಸ ಮನೆಯವರು ಗೊಣಗುತ್ತಾರೆ. ಒಣಗಿದ ಮೇಲೆ ವಾಸನೆ ಇರುವುದಿಲ್ಲ.

ಗೋಡೆಗೆ ನೀರು ಚಿಮುಕಿಸಿ, ಮೊದಲು ತೆಳ್ಳಗೆ ಕದಡಿದ ಇದೇ ಮಣ್ಣನ್ನು ಎರಚಿ, ಅದು ಹಸಿಯಿರುವಾಗಲೇ 7–8 ಮಿ.ಮೀ. ದಪ್ಪಕ್ಕೆ ಅಂಗೈಯಿಂದ ಒತ್ತಿ ಹಚ್ಚುವುದು. ಕರಣೆಯಿಂದ ನುಣುಪು ಮಾಡಬೇಡಿ. ಬೆರಳಿನ ಗುರುತು ಉಳಿಯಬೇಕು, ಎರಡನೆಯ ಪದರ ಹಿಡಿಯುವುದು ಅದನ್ನೇ. ನಾಲ್ಕೈದು ದಿನ ಬಿಟ್ಟು, ಸಣ್ಣ ಜರಡಿಯ ಮಣ್ಣು ಮತ್ತು ಹುಲ್ಲಿನ ಬದಲು ಸಗಣಿಯನ್ನಷ್ಟೇ ಸೇರಿಸಿದ ಎರಡನೆಯ ಪದರ, 4 ಮಿ.ಮೀ. ಅದೂ ಒಣಗಲು ಬೇಸಿಗೆಯಲ್ಲಿ ವಾರ ಹಿಡಿಯುತ್ತದೆ. ಫ್ಯಾನ್ ಹಾಕಿ ಒಣಗಿಸುವುದು ದೊಡ್ಡ ತಪ್ಪು. ಮೇಲ್ಮೈ ಒಣಗಿ ಒಳಗೆ ಹಸಿ ಉಳಿದರೆ ಕೂದಲೆಳೆಯ ಬಿರುಕು ಬಲೆ ಕಟ್ಟುತ್ತದೆ.

ಕೊನೆಗೆ ಕೆಮ್ಮಣ್ಣಿನ ಸಾರಣೆ. ಒಂದು ಕಿಲೋ ಕೆಮ್ಮಣ್ಣಿನ ಹೆಂಟೆಯನ್ನು ಕುಟ್ಟಿ ಒಂದು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ತಳದ ಹರಳು ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳಬೇಕು. ಸುಮಾರು ಒಂದೂವರೆ ಲೀಟರ್ ನೀರಿಗೆ ಇದು ಮಜ್ಜಿಗೆಯ ಹದಕ್ಕೆ ಬರುತ್ತದೆ. ಹಳೆಯ ಹತ್ತಿಬಟ್ಟೆ ಅದ್ದಿ ಒಂದೇ ದಿಕ್ಕಿನಲ್ಲಿ ಮೂರು ಸಲ, ಪ್ರತಿ ಸಲವೂ ಹಿಂದಿನದು ಒಣಗಿದ ಮೇಲೆ. ಒಣಗಿದ ಗೋಡೆಗೆ ಅಂಗೈ ಉಜ್ಜಿ ನೋಡಿ: ಕೈ ತುಸು ಕೆಂಪಾದರೆ ಸರಿ, ಹುಡಿ ಉದುರಿದರೆ ಕೊನೆಯ ಸಾರಣೆಗೆ ಒಂದು ಲೋಟ ತೆಳು ಗಂಜಿತಿಳಿ ಸೇರಿಸಿ ಮತ್ತೊಮ್ಮೆ ಬಳಿಯಬೇಕು. ಗಂಜಿ ಹೆಚ್ಚಾದರೆ ಜುಲೈಯಲ್ಲಿ ಬೂಷ್ಟು.

ಗೋಡೆಗೆ ಕೈ ಹಚ್ಚುವುದೇ ಬೇಡ ಎನ್ನುವ ಮನೆಗೆ, ಬಾಡಿಗೆ ಮನೆಗೆ, ಬೆಂಗಳೂರಿನ ಕಲ್ಯಾಣಮಂಟಪದಲ್ಲಿ ಮದುವೆ ಮಾಡುವವರಿಗೆ ಎತ್ತಿಡುವ ಹಲಗೆ ಒಂದು ದಾರಿ. ಮರದ ಚೌಕಟ್ಟು, ಬೆನ್ನಿಗೆ ಪ್ಲೈವುಡ್, ಅದಕ್ಕೆ ಬಿದಿರಿನ ತಟ್ಟಿ ಬಿಗಿದು ಮೇಲೆ ಇದೇ ಮಣ್ಣು, ಆದರೆ 10 ಮಿ.ಮೀ. ಮೀರದಂತೆ. 4 ಅಡಿಗೆ 4 ಅಡಿಯ ಹಲಗೆಯಲ್ಲಿ ಮಣ್ಣೊಂದೇ 25 ಕಿಲೋ ತೂಗುತ್ತದೆ, ಚೌಕಟ್ಟು ಸೇರಿ 35ರ ಹತ್ತಿರ. ಇಬ್ಬರು ಹೊರಬೇಕು, ಮಲಗಿಸಿ ಸಾಗಿಸಬಾರದು. ಗಾಡಿ ಕುಲುಕಿದಾಗ ನಡು ಬಗ್ಗಿ ಮಣ್ಣು ಸೀಳುತ್ತದೆ. ನಿಲ್ಲಿಸಿಯೇ ಒಯ್ಯಬೇಕು.

ಬರೆಯುವ ದಿನಗಳು

ಅಕ್ಕಿ ಪಾವು ಸಾಕು. ರಾತ್ರಿ ನೆನೆಸಿ ಬೆಳಿಗ್ಗೆ ಒರಳಿನಲ್ಲಿ ಅರೆಯುವುದು. ಮಿಕ್ಸಿಯೂ ಆದೀತು, ಆದರೆ ತರಿ ಉಳಿಯುತ್ತದೆ, ಎರಡು ಸಲ ಬಟ್ಟೆಯಲ್ಲಿ ಸೋಸಬೇಕಾಗುತ್ತದೆ. ಹದ ಹಾಲಿಗಿಂತ ತುಸು ಗಟ್ಟಿ. ಆ ದಿನದ ಹಿಟ್ಟು ಆ ದಿನಕ್ಕೇ; ಮಾರನೆಯ ದಿನ ಹುಳಿ ಬಂದಿರುತ್ತದೆ, ಗೆರೆಯಲ್ಲಿ ಗುಳ್ಳೆ ಕೂರುತ್ತದೆ. ಕಪ್ಪಿಗೆ ಅರ್ಧ ಪಾವು ಅಕ್ಕಿಯನ್ನು ಹೊಗೆ ಏಳುವವರೆಗೆ ಹುರಿದು ಪೂರ್ತಿ ಇದ್ದಿಲಾದ ಮೇಲೆ ನೆನೆಸಿ ಅರೆಯಬೇಕು. ಕಂದು ಬಣ್ಣಕ್ಕೇ ಇಳಿಸಿದರೆ ಗೋಡೆಯಲ್ಲಿ ಅದು ಕೆಮ್ಮಣ್ಣಿನೊಳಗೆ ಮುಳುಗಿಹೋಗುತ್ತದೆ.

ಪುಂಡಿ ದಂಟನ್ನು ಹತ್ತು ಹದಿನೈದು ದಿನ ನೀರಿನಲ್ಲಿ ಕೊಳೆಹಾಕಿ ಸುಲಿದ ನಾರೇ ಕುಂಚ. ಎಳೆಗಳನ್ನು ಸೇರಿಸಿ ಕಟ್ಟಿ ತುದಿಯನ್ನು ಕುಟ್ಟಿ ಮೆತ್ತಗೆ ಮಾಡುತ್ತಾರೆ. ಸಣ್ಣ ಗೆರೆಗೆ ಐದಾರು ಎಳೆ, ಅಂಚಿಗೆ ದಪ್ಪನೆಯ ಕಟ್ಟು. ಅಂಗಡಿಯ ಬ್ರಷ್‌ನಲ್ಲಿ ಬರೆದವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಒರಟು ಮಣ್ಣಿನ ಮೇಲೆ ಬ್ರಷ್‌ನ ಕೂದಲು ಹರಡಿಕೊಳ್ಳುತ್ತದೆ. ಉದ್ದನೆಯ ನಾರು ಗೋಡೆಗೆ ಮಲಗಿ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ, ಗೆರೆ ನೆಟ್ಟಗೆ ಹೋಗುತ್ತದೆ.

ಹೊಸಬರು ಎಡವುವುದು ಒಂದೇ ಕಡೆ. ಹಸಿ ಇರುವಾಗ ಅಕ್ಕಿಯ ಗೆರೆ ಕಾಣುವುದೇ ಇಲ್ಲ ಎನ್ನುವಷ್ಟು ಮಂಕು. ಬೆಳ್ಳಗಾಗಲಿಲ್ಲವೆಂದು ಅದರ ಮೇಲೆ ಇನ್ನೊಂದು ಎಳೆಯುತ್ತಾರೆ, ಮತ್ತೊಂದು ಎಳೆಯುತ್ತಾರೆ. ಅರ್ಧ ಗಂಟೆಗೆ ಒಣಗಿದಾಗ ಗೆರೆ ಉಬ್ಬಿ ನಿಂತಿರುತ್ತದೆ, ಉದುರುವುದೂ ಅಲ್ಲಿಂದಲೇ. ಒಂದು ಗೆರೆ, ಒಂದೇ ಸಲ. ತಪ್ಪಿದರೆ ಒರೆಸಬಾರದು, ಕೆಂಪು ಕದಡಿ ಬಿಳಿ ಗುಲಾಬಿಯಾಗುತ್ತದೆ. ಒಣಗಿದ ಮೇಲೆ ಕೆಮ್ಮಣ್ಣು ತೀಡಿ ಮುಚ್ಚಿ ಮತ್ತೆ ಬರೆಯುವುದು.

ಬರೆಯುವ ಕ್ರಮ ಹೊರಗಿನಿಂದ ಒಳಕ್ಕೆ. ಮೊದಲು ಅಂಚಿನ ಚೌಕ, ಅದರೊಳಗೆ ಸಮನಾದ ಅಂತರದ ಜೋಡಿ ಎಳೆಗಳು, ಮೂಲೆಗಳಿಗೆ ಮೂಲೆ ಆರತಿ, ಒಳಗೆ ನಿಲಿ, ಕೊಚ್ಚು, ನೆಯ್ಗೆಯಂಥ ಪಪ್ಪಳಿ ಎಂಬ ಮಾದರಿಗಳು. ನಡುವಿನ ಜಾಗ ಬಾಸಿಂಗಕ್ಕೆ, ಮದುಮಕ್ಕಳಿಗೆ. ದಂಡಿಗೆ, ಎಂದರೆ ಪಲ್ಲಕ್ಕಿ, ಬೇಕಾದವರು ಅದನ್ನೂ ಬರೆಸುತ್ತಾರೆ. ದೂರದಿಂದ ನೋಡಿದವರು ಇದನ್ನು ಮಹಾರಾಷ್ಟ್ರದ ವಾರ್ಲಿ ಚಿತ್ರ ಎನ್ನುವುದುಂಟು. ಕೆಂಪಿನ ಮೇಲೆ ಅಕ್ಕಿಯ ಬಿಳಿ ಎನ್ನುವುದಷ್ಟೇ ಹೋಲಿಕೆ. ವಾರ್ಲಿಯಲ್ಲಿ ಮನುಷ್ಯರು ಗೋಡೆಯ ತುಂಬ ಓಡಾಡುತ್ತಾರೆ; ಇಲ್ಲಿ ಗೆರೆಯದೇ ರಾಜ್ಯ, ಮನುಷ್ಯರು ಬಂದರೂ ಗೆರೆಯ ಶಿಸ್ತಿನೊಳಗೆ ಬರಬೇಕು.

ಈ ಶಿಸ್ತಿಗೆ ಅಳತೆಯೇ ಜೀವ. 48 ಅಂಗುಲದ ಅಗಲದಲ್ಲಿ ಎರಡೂ ಬದಿಯ ಅಂಚಿಗೆ ಐದೈದು ಹೋದರೆ ಉಳಿಯುವುದು 38. ನಾಲ್ಕಂಗುಲದ ಚೌಕದ ಮನೆ ಹಾಕುತ್ತ ಎಡಮೂಲೆಯಿಂದ ಹೊರಟರೆ ಒಂಬತ್ತು ಮನೆ ಮುಗಿದು ಬಲತುದಿಯಲ್ಲಿ ಎರಡಂಗುಲದ ಮೊಂಡು ಉಳಿಯುತ್ತದೆ, ಇಡೀ ಗೋಡೆ ವಾಲಿದ ಹಾಗೆ ಕಾಣುತ್ತದೆ. ನಡುವಿನಿಂದ ಹೊರಟು, ಉಳಿದ ಎರಡಂಗುಲವನ್ನು ಎರಡೂ ಅಂಚಿನ ಗೆರೆಗಳ ಸಂದಿಗೆ ಹಂಚಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಗೇಣು, ಬೆರಳಿನ ಲೆಕ್ಕದಲ್ಲಿ ನುರಿತ ಕೈ ಇದನ್ನು ಪಟ್ಟಿಯಿಲ್ಲದೆ ಮಾಡುತ್ತದೆ. ಇಂಥದ್ದನ್ನು ಕಾರ್ಯಾಗಾರದಲ್ಲಿ ಎ4 ಹಾಳೆಯ ಮೇಲೆ ಕಲಿಸಲು ಬರುವುದಿಲ್ಲ: ಹಾಳೆಯ ಅಳತೆ ಯಾವಾಗಲೂ ಒಂದೇ, ಗೋಡೆಯದು ಮನೆಮನೆಗೆ ಬೇರೆ.

ಹಾಗೆಂದು ಕಾಗದದ ಚಿತ್ತಾರ, ಬಟ್ಟೆಯ ಚಿತ್ತಾರ ಸುಳ್ಳು ಎಂದಲ್ಲ. ಅದರಿಂದ ಮಾದರಿಗಳು ಉಳಿದಿವೆ, ಬರೆಯುವವರ ಕೈಗೆ ನಾಲ್ಕು ಕಾಸು ಬಂದಿದೆ. ಆದರೆ ಅಲ್ಲಿ ಉಳಿದದ್ದು ವಿನ್ಯಾಸ. ಮಣ್ಣು ನೋಡಿ ಮರಳು ಹೇಳುವವರು, ಅಂಗೈ ಉಜ್ಜಿ ಸಾರಣೆಯ ಹದ ಹೇಳುವವರು ಬರೆಯುವವರಿಗಿಂತ ವೇಗವಾಗಿ ಕಡಿಮೆಯಾಗುತ್ತಿದ್ದಾರೆ. ಅವರಿಗೆ ಪ್ರಶಸ್ತಿಯೂ ಇಲ್ಲ, ಪ್ರದರ್ಶನದಲ್ಲಿ ಹೆಸರೂ ಇಲ್ಲ. ಹಸೆ ಬರೆಯುವಾಗ ಹೇಳುವ ಹಾಡುಗಳದ್ದೂ ಇದೇ ಪಾಡು. ಎರಡು ಮೂರು ದಿನ ನಾಲ್ಕು ಹೆಂಗಸರು ಒಂದು ಗೋಡೆಯ ಮುಂದೆ ಕೂತರೆ ಹಾಡು ತಾನಾಗಿ ಬರುತ್ತದೆ, ಮೇಜಿನ ಮುಂದೆ ಒಬ್ಬರೇ ಕೂತಾಗ ಬರುವುದಿಲ್ಲ.

ಮದುವೆ ಮುಗಿದ ಮೇಲೆ

ಹಸೆಯನ್ನು ಉಳಿಸಿಕೊಳ್ಳಬೇಕೆಂದು ವಾರ್ನಿಷ್ ಹೊಡೆಯಬೇಡಿ. ಕೆಂಪು ಕಪ್ಪಾಗುತ್ತದೆ, ಬಿಳಿ ಎಣ್ಣೆ ಕುಡಿದ ಕಾಗದದಂತೆ ಪಾರದರ್ಶಕವಾಗಿ ಮಾಯವಾಗುತ್ತದೆ. ಮಳೆಗಾಲದಲ್ಲಿ ಆ ಗೋಡೆಗೆ ಸೋಫಾ, ಬೀರು ಒತ್ತಿ ಇಡದೆ ಗಾಳಿಯಾಡಲು ಬಿಡಬೇಕು. ಜಿರಲೆ ಅಕ್ಕಿಯ ಗೆರೆಯನ್ನು ಕೆರೆದು ತಿನ್ನುತ್ತದೆ. ಕೆಳಗಿನ ಎರಡು ಸಾಲು ಮೊದಲು ಹೋಗುವುದು ಅದಕ್ಕೇ. ಹಳೆಯ ಮನೆಯಲ್ಲಿ ಒಲೆಯ ಹೊಗೆ ಇದನ್ನು ತಕ್ಕಮಟ್ಟಿಗೆ ತಡೆಯುತ್ತಿತ್ತು, ಗ್ಯಾಸಿನ ಮನೆಯಲ್ಲಿ ಆ ಅನುಕೂಲವಿಲ್ಲ. ಎರಡು ಮೂರು ವರ್ಷಕ್ಕೆ ಮಸುಕಾದಾಗ ಒಣಬಟ್ಟೆಯಿಂದ ಉಜ್ಜಿ ಹಿಟ್ಟು ಉದುರಿಸಿ, ಬಿರುಕಿಗೆ ಮಣ್ಣು ತೀಡಿ, ಮೇಲೆ ಎರಡು ಸಲ ಕೆಮ್ಮಣ್ಣು ಸಾರಿಸಿದರೆ ಗೋಡೆ ಮುಂದಿನ ಹಸೆಗೆ ಸಿದ್ಧ.

ಉಳಿದ ಕೆಮ್ಮಣ್ಣನ್ನು ಚೆಲ್ಲದೆ ಒಣಗಿಸಿ ಡಬ್ಬಕ್ಕೆ ಹಾಕಿಡಿ. ದಸರೆಯ ಹೊತ್ತಿಗೆ ಭೂಮಿ ಹುಣ್ಣಿಮೆಯ ಬುಟ್ಟಿಗಳಿಗೆ ಸಾರಣೆ ಕೊಡಬೇಕಾಗುತ್ತದೆ. ಬಿದಿರಿನ ಬುಟ್ಟಿಗೆ ಸಗಣಿ ಮೆತ್ತಿ, ಕೆಮ್ಮಣ್ಣು ಬಳಿದು, ಅದೇ ಅಕ್ಕಿಹಿಟ್ಟಿನ ಗೆರೆ ಎಳೆದು, ಆಶ್ವೀಜ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಒಯ್ಯುವುದು ಅದರಲ್ಲೇ. ಗೋಡೆಗೆ ಕೈ ಹಚ್ಚಲು ಅಂಜುವ ಹುಡುಗಿಯರು ಮೊದಲ ಗೆರೆ ಎಳೆಯುವುದು ಸಾಮಾನ್ಯವಾಗಿ ಆ ಬುಟ್ಟಿಯ ಹೊಟ್ಟೆಯ ಮೇಲೆ. ಅಲ್ಲಿ ತಪ್ಪಿದರೆ ಅಜ್ಜಿ ಬೈಯುವುದಿಲ್ಲ, ಬುಟ್ಟಿ ತಿರುಗಿಸಿ ಇಡುತ್ತಾಳೆ.